ಖಂಯ್ ದುಖ್ತಾ?

ಅರ್ಜಿಯ ಕೊನೆಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದರು:
ನರ್ಸಿಂಗ್ ಯಾಕೆ ಆರಿಸಿಕೊಂಡಿರಿ?
'ಸೇವೆ' ಎಂದು ಬರೆದೆ.
ಮುಂದಿನ ಬೆಂಚಿನವಳು ಅದನ್ನೇ ಬರೆದಿದ್ದಳು,
ಅವಳ ಅಕ್ಷರ ದುಂಡಗಿತ್ತು, ನೋಡಿ ಇಳಿಸಿದೆ.

ಆ ನಾಲ್ಕು ಗೆರೆಯಲ್ಲಿ ಹಿಡಿಸದೆ ಹೋದದ್ದು ಇದು:

ಬಯಣಾದ ದಂಡೆ, ತಗಡಿನ ಮನೆ,
ಭರತಿಯ ದಿನ ಹೊಸ್ತಿಲ ತನಕ ನೀರು.
ಪಕ್ಕದ ಮನೆಯ ಫಕೀರವ್ವ,
ರೋಣದ ಕಡೆಯವಳು, ಗಾರೆಯ ಬುಟ್ಟಿ ಹೊರುವವಳು,
ಒಂಬತ್ತು ವರ್ಷದ ನನ್ನ ತಲೆಗೆ ಎಣ್ಣೆ ತಟ್ಟಿ ಹೇನು ಹೆಕ್ಕುವವಳು,
ಒಂದು ರಾತ್ರಿ ಹೊಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟಳು.
ಅವ್ವ ರಿಕ್ಷಾ ತಂದಳು. ನಾನೂ ಹತ್ತಿದೆ,
ಯಾರೂ ಬೇಡ ಅನ್ನಲಿಲ್ಲ.

ದವಾಖಾನೆಯಲ್ಲಿ ಸಿಸ್ಟರ್ ಬಾಗಿ ಕೇಳಿದಳು, ಒಳ್ಳೆಯ ದನಿ:
'ದುಖ್ತಾ? ಖಂಯ್ ದುಖ್ತಾ?'
ಫಕೀರವ್ವನಿಗೆ ಕೇಳಿಸಿದ್ದು ದುಃಖ.
ಪರಊರಿನಲ್ಲಿ, ನಡುರಾತ್ರಿ, ಮೊದಲ ಸಲ
ಯಾರೋ ಅವಳ ದುಃಖ ಕೇಳುತ್ತಿದ್ದಾರೆ.
ನಾಚಿಕೊಂಡಳು. ಸೆರಗು ಸರಿಮಾಡಿಕೊಂಡಳು.
'ಇಲ್ಲ ಯವ್ವಾ, ದುಃಖ ಏನೂ ಇಲ್ಲ,
ಇಬ್ಬರು ಗಂಡಮಕ್ಕಳದಾರ, ಚಲೋ ಅದೀನಿ.'
ತಲೆಯಾಡಿಸಿದ್ದನ್ನು ನೋಡಿ ಸಿಸ್ಟರ್ ಬರೆದುಕೊಂಡಳು,
ಮುಂದಿನ ಹಾಸಿಗೆಗೆ ಹೋದಳು.

ನನಗೆ ಗೊತ್ತಿತ್ತು.
ಬಾಲವಾಡಿಯಲ್ಲಿ ಬಿದ್ದು ಮೊಣಕಾಲು ತರಚಿದಾಗ
ಟೀಚರ್ ಅದೇ ಮಾತು ಕೇಳುತ್ತಿದ್ದಳು.
ಬಾಯಿ ತೆರೆದೆ. ದೊಡ್ಡವರ ನಡುವೆ ನಿನ್ನದೇನು ಎಂದು
ಅವ್ವ ತೋಳು ಚಿವುಟಿದಳು.
ಮುಚ್ಚಿದೆ.
ಬೆಳಗಾಗುವುದರೊಳಗೆ ಅವಳ ಒಳಗೇನೋ ಒಡೆದಿತ್ತಂತೆ.

ಉಳಿದಳು. ಆಮೇಲೆ ಬುಟ್ಟಿ ಹೊರಲಾಗಲಿಲ್ಲ.
ರೋಣಕ್ಕೆ ಹೋದಳು, ಹೋದವಳ ಸುದ್ದಿ ಬರಲಿಲ್ಲ.
ಸೇವೆಯಲ್ಲ ಅದು, ಚಿವುಟು. ಇನ್ನೂ ತೋಳಲ್ಲಿದೆ.

ದುಡ್ಡೂ ಹೌದು, ಸುಳ್ಳು ಯಾಕೆ.
ಚಿಲಕವಿರುವ ಒಂದು ಬಚ್ಚಲು ಅವ್ವನಿಗೆ, ಮೊದಲ ಪಗಾರದಲ್ಲಿ.
ಹಾಸ್ಟೆಲಿನ ಲೊರೆನಾ ಐರ್ಲೆಂಡಿನ ಪರೀಕ್ಷೆಗೆ ಓದುತ್ತಾಳೆ,
ಅವಳು ಹೇಳುವ ಸೊನ್ನೆಗಳನ್ನು
ದೀಪ ಆರಿದ ಮೇಲೆ ನಾನೂ ಎಣಿಸುತ್ತೇನೆ.

ಎರಡನೆಯ ವರ್ಷ ಈಗ. ಬಾಂಬೋಳಿಯ ಗುಡ್ಡ.
ಮೂಸಂಬಿಗೆ ಸೂಜಿ ಚುಚ್ಚಿ ಚುಚ್ಚಿ ಕೈ ಪಳಗಿದೆ,
ಹಾಸಿಗೆಯ ಮೂಲೆಯನ್ನು ಲಕೋಟೆಯಂತೆ ಮಡಚಬಲ್ಲೆ.
ಸತ್ತವರ ಗದ್ದ ಕಟ್ಟಿದ ಮೊದಲ ದಿನ ಊಟ ಬಿಟ್ಟೆ,
ಮರುದಿನ ಮೀನುಸಾರು ಎರಡು ಸಲ ಹಾಕಿಸಿಕೊಂಡೆ.

ಎದೆಯ ಮೇಲೆ ಹೆಸರಿನ ಬಿಲ್ಲೆ: ಯಮನವ್ವ.
ಅಜ್ಜಿಯ ಹೆಸರು. ಕ್ಲಾಸು ಬಿದ್ದುಬಿದ್ದು ನಕ್ಕಿತು.
ಬದಲಿಸಿಕೊಳ್ಳಮ್ಮ, ರೋಗಿಗಳು ಹೆದರಿಯಾರು ಎಂದರು ಮೇಡಂ.
ಯಾಮಿನಿ ಎಂದು ಬರೆದ ಅರ್ಜಿ
ವಾರದಿಂದ ಜೇಬಿನಲ್ಲೇ ಇತ್ತು.

ಮೊನ್ನೆ ರಾತ್ರಿ ಹನ್ನೊಂದನೆಯ ಹಾಸಿಗೆಯಲ್ಲಿ
ಬಾದಾಮಿ ಕಡೆಯ ಮುದುಕ, ಕಟ್ಟಡದ ವಾಚ್‌ಮನ್,
ಮೆಟ್ಟಿಲಿಂದ ಬಿದ್ದವನು. ಕನ್ನಡ ಕೇಳಿ ಕಣ್ಣುಬಿಟ್ಟ.
ಹೆಸರು ಕೇಳಿದ. ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
'ಬರೋಬ್ಬರಿ ಆತು ಬಿಡವಾ.
ಅವ್ವ ಇಲ್ಲೇ ಕುಂತಿದ್ರ ಮಗ ಬಾಗಲದಾಗ ನಿಂದರಬೇಕು.
ಅವಸರ ಮಾಡಬ್ಯಾಡ ಅಂತ ಹೇಳು ಅವಗ.'

ಏನಾಗಬೇಕು ನಿನಗೆ ಎಂದು ಯಾರಾದರೂ ಈಗ ಕೇಳಿದರೆ:
ಕ್ಯಾಶುಯಲ್ಟಿಯ ರಾತ್ರಿಪಾಳಿ ಬೇಕು.
ಯಾರೂ ಬಯಸುವುದಿಲ್ಲ ಅದನ್ನು, ಸಿಕ್ಕೀತು.
ಸಿಮೆಂಟು ಒಣಗಿದ ಕಾಲಲ್ಲೇ ಬಂದವರ ಮುಂದೆ ಬಾಗಿ
ಬ್ಯಾನಿ ಐತೇನು? ದುಖ್ತಾ? ದರ್ದ್ ಹೈ ಕ್ಯಾ?
ತಲೆಯಾಡಿಸಿದರೆ ಒಡನೆ ಬರೆದುಕೊಳ್ಳಬಾರದು.
ಕೈಯಿಟ್ಟು ನೋಡಬೇಕು.
ಜೊತೆಗೆ ಬಂದ ಚಿಕ್ಕ ಹುಡುಗಿಯನ್ನೂ ಕೇಳಬೇಕು,
ದೊಡ್ಡವರು ಚಿವುಟುವ ಮುಂಚೆ.
ದುಃಖವೆಂದೇ ತಿಳಿದು ಯಾರಾದರೂ ಹೇಳತೊಡಗಿದರೆ,
ಬೆರಳು ಹೊಟ್ಟೆಯ ಮೇಲಿರಲಿ,
ಅದನ್ನೂ ಕೇಳಬೇಕು.

ಬೆಳಗಿನ ಆರಕ್ಕೆ ಮುದುಕನ ಜ್ವರ ನೂರಾ ಒಂದು.
ಚಾರ್ಟು ಯಾರೋ ಒಯ್ದಿದ್ದರು;
ಯಾಮಿನಿಯ ಅರ್ಜಿ ತೆಗೆದು
ಹಿಂಬದಿಗೆ ಗೀಚಿಕೊಂಡೆ.